ರೇವಯ್ಯನ ಕಂಬಳಿ

ಹೊಳಿ ದಂಡಿ ಮಠದಾಗ ರೇವಯ್ಯ ಅಂತ ಒಬ್ಬ ಹುಡುಗ ಇದ್ದ. ಹದಿನಾರರ ವಯಸ್ಸು. ಪರೀಕ್ಷಾದ ಹೆಸರು ತಗದ್ರ ಸಾಕು, ಕೈಕಾಲು ನಡಗಿ ಉಸಿರ ಕಟ್ಟತಿತ್ತು. ಮಠದಾಗ ಇದ್ರ ಧೈರ್ಯ ಬರತೈತಿ ಅಂತ ಅವರಪ್ಪ ತಂದು ಬಿಟ್ಟು ಹೋದ. ಹೋದಾವ ಹೊಳ್ಳಿ ನೋಡಲಿಲ್ಲ.

ಮಠದ ಸ್ವಾಮಿಗಳಿಗೆ ಊರ ಮಂದಿ ಎಲ್ಲಾ ಅಜ್ಜಾರು ಅಂತಿದ್ರು. ಎಂಬತ್ತು ದಾಟಿದ ಮುದುಕರು, ಸೊಂಟ ಬಾಗಿತ್ತು.

ಹೊಸದರಾಗ ಹುಡುಗ ನೀರು ಸೇದತಿದ್ದ, ಅಂಗಳ ಕಸ ಹೊಡೀತಿದ್ದ. ಬರಬರತ ಊಟ ಬಿಟ್ಟ. ಮಠದಾವ್ರು ಉಪವಾಸ ಅಂದ್ರು. ಮಾತು ಬಿಟ್ಟ. ಮೌನ ಅಂದ್ರು. ನಿದ್ದಿ ಇಲ್ದ ಗ್ವಾಡಿ ನೋಡಕೋತ ಕೂತ. ಎಂಥಾ ಧ್ಯಾನ ಅಂದ್ರು.

ಒಂದಿನ ತಾ ಹೊಚ್ಚಕೊಳ್ಳೂ ಕಂಬಳಿ ತಗದು ಭಿಕ್ಷಾ ಬೇಡೂ ಮುದುಕಗ ಕೊಟ್ಟಬಿಟ್ಟ.

ಮುಗೀತು. ಸುದ್ದಿ ಓಣಿ ದಾಟಿ ಸಂತಿತನಕ ಹೋತು. ಓಣಿ ಹೆಂಗಸರು ಕೂಸುಗಳನ್ನ ತಂದು ಅವನ ಕಾಲಾಗ ಹಾಕಿ, ಹಣಿ ಮುಟ್ರಿ ಸಣ್ಣಯ್ಯನೋರ ಅನ್ನಾಕ ಹತ್ತಿದ್ರು. ತಮ್ಮ ಮನ್ಯಾಗ ಇದ ವಯಸ್ಸಿನ ಮಕ್ಕಳು ಉಣ್ಣಲಿಲ್ಲಂದ್ರ ಬಾಯಿಗೆ ಬಂದಂಗ ಬೈಯೂ ಹೆಂಗಸರ ಇವ್ರೆಲ್ಲಾ.

ರೇವಯ್ಯ ಹಣಿ ಮುಟ್ಟತಿದ್ದ. ಕೂಸು ನಗತಿತ್ತು. ಅವನ ಎದಿ ಮ್ಯಾಲ ಬೀಸೂ ಕಲ್ಲು ಕೂತಿತ್ತು. ಹೇಳಬೇಕಂದ್ರ ಯಾರ ಮುಂದ ಹೇಳೂದು? ಬಂದಾವ್ರೆಲ್ಲಾ ಕಾಲಿಗೆ ಬೀಳತಿದ್ರು, ಒಬ್ರೂ ಮುಖ ನೋಡತಿರಲಿಲ್ಲ.

ಒಂದು ಮುಂಜಾನಿ ಪೂಜಿ ಮುಗದ ಮ್ಯಾಲ ಎಲ್ಲಾರ ಮುಂದ ಅಜ್ಜಾರನ್ನ ಕೇಳಿದ:

"ಅಜ್ಜಾರ, ಈ ದೇಹದ ಹಂಗು ಹೆಂಗ ಬಿಡೂದ್ರಿ?"

ಕೂತ ಮಂದಿ ಕೈ ಮುಗದ್ರು. ಇಷ್ಟ ಸಣ್ಣ ವಯಸ್ಸಿಗೆ ಎಂಥಾ ಮಾತು ಅಂತ ಒಬ್ಬಾಕಿ ಕಣ್ಣು ಒರಸಿಕೊಂಡ್ಲು. ಅಜ್ಜಾರ ಮುಖ ಮಾತ್ರ ಬಿಳಚಿತು.

"ಹಸಿವಿ ಆಗತೈತೇನು?"

"ಇಲ್ರಿ."

"ಅಳು ಬರತೈತೇನು?"

"ಅದೂ ನಿಂತೈತ್ರಿ."

ಅಜ್ಜಾರು ಹತ್ರ ಸರದು ಹುಡುಗನ ಮುಖ ನೋಡಿದ್ರು.

"ಉಪವಾಸ ಮಾಡಾವ ಅಡಗಿ ಮನಿ ಕಡೆ ಕಳ್ಳಗಣ್ಣಿಲೆ ನೋಡತಾನ ಮಗಾ. ನಾನೂ ನೋಡೀನಿ. ನೀ ನೋಡೂದಿಲ್ಲ. ಇದು ವೈರಾಗ್ಯ ಅಲ್ಲ, ಬ್ಯಾನಿ."

ನಾಳೆ ಮುಂಜಾನಿ ಬಸ್ಸಿಗೆ ಪ್ಯಾಟಿ ದವಾಖಾನಿಗೆ, ಮನಸಿನ ಡಾಕ್ಟರ ಕಡೆ ಹೋಗೂದು ಅಂದ್ರು. ಅಡಗಿ ಮಾಡೂ ನೀಲವ್ವ ಸೌಟು ಹಿಡಕೊಂಡ ಹೊರಗ ಬಂದ್ಲು. ಇಂಥಾ ಸಾಧುನ್ನ ಹುಚ್ಚರ ಡಾಕ್ಟರ ಕಡೆ ಒಯ್ದ್ರ ಮಠದ ಮರ್ಯಾದಿ ಏನಾಗಬೇಕು ಅಂತ ಗೊಣಗಿದ್ಲು.

ಅಜ್ಜಾರು ಕೋಲು ಊರಕೋತ ಹೋಗಿ, ಆ ಭಿಕ್ಷಾ ಬೇಡೂ ಮುದುಕನ ಕಡೆಯಿಂದ ಕಂಬಳಿ ವಾಪಸ ಇಸಗೊಂಡು ಬಂದು ಹುಡುಗನ ಖೋಲಿಯೊಳಗ ಇಟ್ರು. ಕೊಟ್ಟ ದಾನ ಗುರುನ ಕಸಗೊಂಡ ಅಂತ ಓಣಿ ತುಂಬ ಗುಲ್ಲು. ಅಜ್ಜಾರು ತಮ್ಮ ಶಾಲು ತಗದು ಮುದುಕಗ ಹೊಚ್ಚಿ ಬಂದದ್ದನ್ನ ಒಬ್ರೂ ಆಡಲಿಲ್ಲ.

ಮಧ್ಯಾಹ್ನ ಊಟ ಆಗಿ ಮಠ ತೂಕಡಸತಿತ್ತು. ರೇವಯ್ಯಗ ನಾಳೆ ಅನ್ನೂದು ಭಾಳ ದೂರ ಅನಸ್ತು. ಹೊಳಿ ಹತ್ರ ಇತ್ತು.

ಎದ್ದು ಖೋಲಿ ಬಾಗಲಾ ತಗದ.

ಹೊಸ್ತಿಲಿಗೆ ಅಡ್ಡ ಅಜ್ಜಾರು ಮಲಗಿದ್ರು, ಬರಿ ಕಲ್ಲಿನ ಮ್ಯಾಲ.

ಆ ಮಠದಾಗ ಗುರುಗಳ ಪಾದುಕಿ ಸೈತ ಯಾರೂ ದಾಟೂದಿಲ್ಲ, ಸುತ್ತ ಹಾಕಿ ಹೋಗತಾರ. ಆ ಖೋಲಿಗೆ ಇದ್ದದ್ದು ಅದೊಂದ ಬಾಗಲಾ.

"ಏಳ್ರಿ ಅಜ್ಜಾರ."

"ಎಲ್ಲಿಗೆ?"

"ಹೊಳಿ ಕಡೆ."

"ದಾಟಿಕೊಂಡು ಹೋಗು."

ರೇವಯ್ಯ ಒಂದು ಕಾಲು ಎತ್ತಿದ. ಕೆಳಗ ಮುದುಕರ ಪಕ್ಕೆಲಬು ಏರತಿದ್ವು, ಇಳೀತಿದ್ವು. ಕಾಲು ಹಿಂದಕ್ಕ ಬಂತು. ಮತ್ತ ಎತ್ತಿದ. ಮತ್ತ ಹಿಂದಕ್ಕ ಬಂತು.

ಅಲ್ಲೇ ಕುಸದು ಕೂತ. ಸಾಯಾಕೂ ಬಿಡವಲ್ರಲ್ಲಾ ಅಂತ ನೆಲಕ್ಕ ಕೈ ಬಡದ. ಎಷ್ಟೋ ದಿನಕ್ಕ ಸಿಟ್ಟು ಬಂದಿತ್ತು.

"ಎಷ್ಟ ದಿನ ಹಿಂಗ ಅಡ್ಡ ಬೀಳತೀರಿ?"

"ನೀ ಹಸಿವಿ ಅನ್ನೂತನಕ."

"ನನಗ ಎಂದೂ ಹಸಿವಿ ಆಗೂದಿಲ್ರಿ."

ಅಜ್ಜಾರು ಕಣ್ಣು ತೆರೀಲಿಲ್ಲ. ಒಂದು ಕೈ ಮಾತ್ರ ಒಳಗ ಚಾಚಿದ್ರು.

"ಹಂಗಾರ ಆ ಕಂಬಳಿ ಇತ್ತ ಕೊಡು. ಕಲ್ಲು ಭಾಳ ತಂಪ ಐತಿ."