ಹಣೆಯಿಂದ ಇಳಿದ ನೀರು

ದಾನಮ್ಮ ಸೈಕಲ್ ತಳ್ಳಿಕೊಂಡು ಆಶ್ರಮದ ಬಾಗಿಲಿಗೆ ಬಂದಾಗ ಮಳೆ ಇನ್ನೂ ನಿಂತಿರಲಿಲ್ಲ. ಮೊಣಕಾಲು ತರಚಿತ್ತು. ಸೀರೆಯ ಅಂಚೆಲ್ಲ ಕೆಸರು.

ಜಗಲಿಯ ಮೇಲೆ ಕುಳಿತು ಬೇಳೆ ಆರಿಸುತ್ತಿದ್ದ ಗುರು ನೀಲಾಂಬಿಕೆ ಅಕ್ಕನವರು ತಲೆ ಎತ್ತಿದರು.

"ಸೀಸೆ?"

"ಒಡೆಯಿತು, ಅಕ್ಕನವರೇ."

"ಸೂಜಿ ಹಾಕುವ ಮೊದಲೋ, ಆಮೇಲೋ?"

"ಆಮೇಲೆ. ವಾಪಸ್ ಬರುವಾಗ."

ಅಕ್ಕನವರು ಬೇಳೆಯಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದರು.

ನದಿಯಾಚೆ, ಮೂರು ಮೈಲಿ ದೂರದ ಹಳ್ಳಿಯಲ್ಲಿ ಫಕೀರವ್ವ ಎಂಬ ಬುಟ್ಟಿ ಹೆಣೆಯುವ ಮುದುಕಿ ಇದ್ದಳು. ಸಕ್ಕರೆ ಕಾಯಿಲೆಯವಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಊಟಕ್ಕೆ ಮೊದಲು ಅವಳಿಗೆ ಇನ್ಸುಲಿನ್ ಸೂಜಿ ಬೀಳಲೇಬೇಕು. ಅವಳ ಮನೆಯಲ್ಲಿ ಫ್ರಿಜ್ ಇಲ್ಲದ ಕಾರಣ ಔಷಧಿಯ ಸೀಸೆ ಆಶ್ರಮದಲ್ಲಿ ಇರುತ್ತಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯುವುದು, ಸೂಜಿ ಹಾಕುವುದು, ಮರಳಿ ತರುವುದು ದಾನಮ್ಮನ ಕೆಲಸ. ಆಶ್ರಮದಲ್ಲಿ ಸೂಜಿ ಹಾಕಲು ಬಲ್ಲವಳು ಅವಳೊಬ್ಬಳೇ.

ಈಗ ಉಳಿದದ್ದು ಒಂದೇ ಸೀಸೆ. ಪಟ್ಟಣದಿಂದ ಹೊಸದು ಬರಲು ಇನ್ನೂ ನಾಲ್ಕು ದಿನ.

"ಈ ಮಳೆಗಾಲದಲ್ಲಿ ಇದು ಎಷ್ಟನೆಯ ಸಲ ಬಿದ್ದದ್ದು?" ಎಂದು ಅಕ್ಕನವರು ಕೇಳಿದರು.

"ಮೂರನೆಯದು."

"ಯಾಕೆ ಬೀಳುತ್ತೀ?"

"ಕಾಣುವುದಿಲ್ಲ. ಕನ್ನಡಕದ ಮೇಲೆ ನೀರು. ಕಣ್ಣು ಉರಿಯುತ್ತದೆ."

"ಏನು ಉಪಾಯ ಮಾಡಿದೆ?"

"ಒಂದು ಕೈಯಲ್ಲಿ ಕೊಡೆ ಹಿಡಿದು ನೋಡಿದೆ. ಗಾಳಿ ಕೊಡೆಯನ್ನೂ ನನ್ನನ್ನೂ ಒಟ್ಟಿಗೇ ಗದ್ದೆಗೆ ಇಳಿಸಿತು. ಗಾಜಿಗೆ ಸೋಪು ಉಜ್ಜಿ ಒರೆಸಿದೆ. ಅರ್ಧ ದಾರಿಯವರೆಗೆ ಸರಿಯಿತ್ತು. ಇವತ್ತು ಕನ್ನಡಕವನ್ನೇ ತೆಗೆದೆ."

"ತೆಗೆದರೆ ಏನು ಕಂಡಿತು?"

"ಒಂದು ಬಂಡೆ ಕಂಡಿತು. ಹತ್ತಿರ ಹೋದೆ. ಅದು ಎದ್ದು ನಿಂತಿತು. ಎಮ್ಮೆ."

ಅಕ್ಕನವರು ನಗಲಿಲ್ಲ. ಅಡುಗೆಮನೆಯಲ್ಲಿ ಯಾರೋ ನಕ್ಕರು.

"ಸಂಜೆ ನಡೆದು ಹೋಗು."

"ಈ ಕಾಲಲ್ಲಿ ನಡೆದರೆ ಎರಡು ಗಂಟೆ ಬೇಕು. ಅಷ್ಟರಲ್ಲಿ ಮುದುಕಿ ಹಸಿವು ತಡೆಯದೆ ರೊಟ್ಟಿ ತಿಂದುಬಿಡುತ್ತಾಳೆ. ಬೈದರೂ ಕೇಳುವವಳಲ್ಲ. ಸೈಕಲ್ಲಿನಲ್ಲೇ ಹೋಗುತ್ತೇನೆ, ಅಕ್ಕನವರೇ. ಬೀಳುವುದಿಲ್ಲ."

"ಬೆಳಗ್ಗೆಯೂ ಹೀಗೇ ಹೇಳಿದ್ದೆ."

ದಾನಮ್ಮ ತಲೆ ತಗ್ಗಿಸಿದಳು. ಆದರೆ ಬಾಗಿಲಿನಿಂದ ಕದಲಲಿಲ್ಲ.

ಮಧ್ಯಾಹ್ನ ಕಳೆಯಿತು. ಮಳೆ ಹೆಚ್ಚಿತು. ಹೊರಡುವ ಹೊತ್ತಿಗೆ ದಾನಮ್ಮ ಸ್ನಾನ ಮಾಡಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಣೆಗೆ ಹಚ್ಚಿಕೊಂಡಳು. ವಿಭೂತಿ ಇಲ್ಲದೆ ಯಾರೂ ಆಶ್ರಮದ ಬಾಗಿಲು ದಾಟಬಾರದು. ಅದು ಅಲ್ಲಿಯ ನಿಯಮ.

ಕಿವಿಯಿಂದ ಕಿವಿಗೆ ಮೂರು ಪಟ್ಟೆ. ಬೆರಳಿನಷ್ಟು ಅಗಲ. ಕೆಳಗಿನ ಪಟ್ಟೆ ಹುಬ್ಬನ್ನೇ ಮುಚ್ಚಿತ್ತು.

ಅಕ್ಕನವರು ಅವಳನ್ನು ಬಹಳ ಹೊತ್ತು ನೋಡಿದರು.

"ಯಾವಾಗಲೂ ಇಷ್ಟು ಹಚ್ಚುತ್ತೀಯಾ?"

"ಇಲ್ಲ. ಮೊದಲ ಸಲ ಬಿದ್ದ ಮೇಲೆ ಸ್ವಲ್ಪ ಹೆಚ್ಚು ಮಾಡಿದೆ. ಎರಡನೆಯ ಸಲ ಬಿದ್ದ ಮೇಲೆ ಇನ್ನೂ ಸ್ವಲ್ಪ. ಇವತ್ತು ಶಿವನನ್ನೇ ನಂಬಿ ಹೊರಟಿದ್ದೇನೆ."

"ಮಳೆಗೆ ಅಂತ ಗೋಣಿಯ ಕೊಪ್ಪೆ ಕೊಟ್ಟಿದ್ದೆನಲ್ಲ. ತಲೆಗೆ ಯಾಕೆ ಹಾಕಿಕೊಳ್ಳುವುದಿಲ್ಲ?"

"ಅದರ ಅಂಚು ಹಣೆಗೆ ತಾಗುತ್ತದೆ. ವಿಭೂತಿ ಅಳಿಸಿಹೋಗುತ್ತದೆ."

ಅಕ್ಕನವರು ಎದ್ದರು. ಶಿಷ್ಯೆಯ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ, ಸೂರಿನ ನೀರು ಸುರಿಯುವಲ್ಲಿ ನಿಲ್ಲಿಸಿದರು.

"ಕನ್ನಡಕ ತೆಗೆಯಬೇಡ. ಕಣ್ಣೂ ಮುಚ್ಚಬೇಡ."

ನೀರು ದಾನಮ್ಮನ ನೆತ್ತಿಯ ಮೇಲೆ ಬಿತ್ತು. ಹಣೆಗೆ ಇಳಿಯಿತು. ಗಾಜಿಗೆ ಇಳಿಯಿತು.

"ಏನು ಕಾಣುತ್ತದೆ?"

"ಬೆಳ್ಳಗೆ. ಎಲ್ಲ ಬೆಳ್ಳಗೆ. ನೀವೂ ಕಾಣುತ್ತಿಲ್ಲ."

ಅಕ್ಕನವರು ಅದೇ ಸೂರಿನ ಕೆಳಗೆ ಒಂದು ಹಿತ್ತಾಳೆ ಲೋಟ ಹಿಡಿದರು. ತುಂಬಿದ ಮೇಲೆ ಶಿಷ್ಯೆಯ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿದರು. ಲೋಟವನ್ನು ಅವಳ ಮುಖದ ಹತ್ತಿರ ತಂದರು.

ಲೋಟದ ತಳ ಸ್ವಚ್ಛವಾಗಿ ಕಾಣುತ್ತಿತ್ತು.

ದಾನಮ್ಮ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಬೆರಳಿಗೆ ಬೂದಿ ಹತ್ತಿತು.

ಅಕ್ಕನವರು ತಮ್ಮ ಸೆರಗಿನಿಂದ ಅವಳ ಹಣೆಯಲ್ಲಿ ಉಳಿದದ್ದನ್ನು ಒರೆಸತೊಡಗಿದರು. ದಾನಮ್ಮ ಹಿಂದೆ ಸರಿದಳು.

"ಅಕ್ಕನವರೇ, ನಿಯಮ. ನೀವೇ ಮಾಡಿದ್ದು."

"ಹೌದು. ನಾನೇ ಮಾಡಿದ್ದು. ಹತ್ತಿರ ಬಾ."

"ಆಶ್ರಮದವಳು ಬರೀ ಹಣೆಯಲ್ಲಿ ನದಿ ದಾಟಿದರೆ ಜನ ಏನು ಅನ್ನುತ್ತಾರೆ?"

"ಅನ್ನಲಿ. ಮಳೆಯಲ್ಲಿ ಎಷ್ಟು ಹೊತ್ತು ನಿಂತು ಅನ್ನುತ್ತಾರೆ?"

ಹಣೆ ಸ್ವಚ್ಛವಾಯಿತು. ಅಕ್ಕನವರು ಗೋಣಿಯ ಕೊಪ್ಪೆಯನ್ನು ಅವಳ ತಲೆಗೆ ಏರಿಸಿ, ಅಂಚನ್ನು ಕನ್ನಡಕದ ಮೇಲಕ್ಕೆ, ಸೂರಿನ ಹಾಗೆ, ಎಳೆದು ಬಿಟ್ಟರು. ಕೊನೆಯ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಗಿತ್ತರು.

ದಾನಮ್ಮ ಸೈಕಲ್ ಹತ್ತಿದಳು.

ಮಳೆ ಕಡಿಮೆಯಾಗಲಿಲ್ಲ. ಗಾಜಿನ ಮೇಲೆ ಹನಿಗಳು ಬೀಳುತ್ತಲೇ ಇದ್ದವು. ಆದರೆ ಹನಿ ಮತ್ತು ಹನಿಯ ನಡುವೆ ದಾರಿಯಿತ್ತು. ಕಲ್ಲು ಕಲ್ಲಾಗಿ ಕಂಡಿತು. ಎಮ್ಮೆ ಎಮ್ಮೆಯಾಗಿ ಕಂಡಿತು. ಸೇತುವೆಯ ಆಚೆ ಬೆಳಗ್ಗೆ ಬಿದ್ದ ಜಾಗ ಬಂದಾಗ ಅವಳು ಇಳಿದಳು. ಹತ್ತು ಹೆಜ್ಜೆ ಸೈಕಲ್ ತಳ್ಳಿದಳು. ಮತ್ತೆ ಹತ್ತಿದಳು.

ಫಕೀರವ್ವ ರೊಟ್ಟಿ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲಲ್ಲೇ ಕುಳಿತಿದ್ದಳು.

"ಯಾರವ್ವ ನೀನು?"

"ನಾನೇ, ದಾನಮ್ಮ. ತಟ್ಟೆ ಕೆಳಗಿಡು."

"ಹೌದಾ? ಇಷ್ಟು ದಿನ ಬರೀ ಬೂದಿ ನೋಡಿದ್ದೆ. ಒಳಗೆ ಒಂದು ಮುಖ ಇದೆ ಅಂತ ಗೊತ್ತಿರಲಿಲ್ಲ."

"ಮಾತು ಸಾಕು. ತೋಳು ಕೊಡು."

ಕತ್ತಲಾಗುವ ಮೊದಲು ದಾನಮ್ಮ ಆಶ್ರಮಕ್ಕೆ ಮರಳಿದಳು. ಸೈಕಲ್ ಮೇಲೆ ಕುಳಿತೇ ಬಂದಳು. ಒದ್ದೆ ಬಟ್ಟೆ ಬಿಚ್ಚಿ ಸೀಸೆಯನ್ನು ಗುರುವಿನ ಅಂಗೈಯಲ್ಲಿ ಇಟ್ಟಳು. ಅಕ್ಕನವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಎಲ್ಲಿಯೂ ಬಿರುಕಿರಲಿಲ್ಲ.

"ನಾಳೆ ಬೆಳಗ್ಗೆಯೂ ನಾನೇ ಹೋಗಲೇ?"

"ಮತ್ತೆ ಇನ್ಯಾರು?"

ದಾನಮ್ಮ ಹೋಗದೆ ಅಲ್ಲೇ ನಿಂತಳು. ಕೈ ತಾನಾಗಿ ಹಣೆಯ ಕಡೆಗೆ ಹೋಯಿತು.

"ಜನರ ಮಾತು ಬಿಡಿ, ಅಕ್ಕನವರೇ. ದಾರಿಯುದ್ದಕ್ಕೂ ನನಗೆ ಒಂದೇ ಅಳುಕು. ಈ ಗುರುತಿಲ್ಲದೆ ಶಿವ ನನ್ನನ್ನು ನೋಡುತ್ತಾನೋ ಇಲ್ಲವೋ ಅಂತ."

ಅಕ್ಕನವರು ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಮುಚ್ಚಿದರು.

"ಶಿವನಿಗೆ ನೀನು ಹೇಗಿದ್ದರೂ ಕಾಣುತ್ತೀ. ಹೊಂಡ ಕಾಣಬೇಕಾದದ್ದು ನಿನಗೆ."