ಕಣ್ಣು ಮೊದಲು ಬರೆಸಿಕೊಂಡ ಬೊಂಡಾಸ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಸಮುದ್ರದ ಜೀವಿಗಳೆಲ್ಲ ಗಂಜಿ ತಿಳಿಯ ಬಣ್ಣಕ್ಕಿದ್ದವು. ಕಣ್ಣೂ ಇರಲಿಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆದು, "ಯಾರದು?" "ನೀನ್ಯಾರು?" ಎಂದು ಜಗಳಾಡುವುದೇ ಅವುಗಳ ಕೆಲಸ.

ದಡದಲ್ಲಿ ದುಗ್ಗಿ ಎಂಬ ಹುಡುಗಿ ಇದ್ದಳು. ಚಿತ್ರ ಬರೆಯಲು ಕೂತರೆ ಅವಳಿಗೆ ಊಟ ನಿದ್ದೆ ಬೇಡ. ನೀರಿನಲ್ಲಿ ಮುಳುಗಿ ಹವಳದ ಬಂಡೆಗಳನ್ನು ನೋಡಿ ಬಂದ ದಿನದಿಂದ ಅವಳಿಗೆ ಒಂದೇ ಹುಚ್ಚು.

"ಮನೆ ಅಷ್ಟು ಚಂದ, ಒಳಗಿದ್ದವರು ಮಾತ್ರ ಬೋಳುಬೋಳು! ನಾನು ಬಣ್ಣ ಹಚ್ತೇನೆ" ಎಂದಳು.

ಸಮುದ್ರ ಒಪ್ಪಿತು. "ಆದ್ರೆ ಇಳಿತ ಇರುವಾಗ್ಲೇ ಮುಗಿಸ್ಬೇಕು ಮಗಾ. ಉಬ್ಬರ ಬಂದ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ."

ದುಗ್ಗಿ ಅರಸಿನ ಅರೆದಳು, ಕೆಮ್ಮಣ್ಣು ಕಲಸಿದಳು, ಸೊಪ್ಪು ಹಿಂಡಿದಳು, ಕರಟ ಸುಟ್ಟು ಮಸಿ ಮಾಡಿದಳು. ಮೀನುಗಳು ಬಂಡೆಯ ಹೊಂಡಗಳಲ್ಲಿ ಸಾಲಾಗಿ ಕಾದವು. ಅವಳ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಮೈಬಣ್ಣ, ಕೊನೆಗೆ ಮಸಿಯಲ್ಲಿ ಕಣ್ಣು. ಕಣ್ಣು ಬರುವಷ್ಟರಲ್ಲಿ ಬಣ್ಣ ಒಣಗಿರುತ್ತಿತ್ತು. ಮೀನು ತನ್ನನ್ನು ನೋಡಿಕೊಂಡು "ಆಹಾ!" ಎಂದು ಜಾರಿಕೊಳ್ಳುತ್ತಿತ್ತು.

ಕೊನೆಗೆ ಇಬ್ಬರೇ ಉಳಿದರು. ಮೆತ್ತನೆ ಮೈಯ, ಹತ್ತು ಕೈಗಳ ಸ್ಕ್ವಿಡ್, ನಮ್ಮ ಬೊಂಡಾಸ; ಅದರ ಹಿಂದೆ ಪುಟ್ಟ ಕಪ್ಪೆಚಿಪ್ಪು.

"ದುಗ್ಗಕ್ಕಾ, ನಂಗೆ ಕಣ್ಣು ಮೊದ್ಲು ಬರಿ. ನೀ ಎಂತ ಬಳೀತೀ ಅಂತ ನಾ ನೋಡ್ಬೇಕಲ್ಲ?" ಎಂದಿತು ಬೊಂಡಾಸ.

"ಹಾಗೆಲ್ಲ ಇಲ್ಲ ಮಾರಾಯಾ, ಕಣ್ಣು ಕೊನೆಗೇ."

"ಒಂದ್ಸಲ ಅಕ್ಕಾ! ದೊಡ್ಡದಾಗಿ ಬರಿ."

ಹೊತ್ತಾಗುತ್ತಿತ್ತು. ವಾದ ಮಾಡುವುದಕ್ಕಿಂತ ಬರೆದುಬಿಡುವುದೇ ವಾಸಿ ಎಂದು ದುಗ್ಗಿ ದೊಡ್ಡ ದೊಡ್ಡ ಕಣ್ಣು ಬರೆದುಬಿಟ್ಟಳು. ಅಲ್ಲೇ ಕೆಟ್ಟಿತು ನೋಡಿ.

ಕೆಂಪು ಹಚ್ಚಿದಳು. "ಅಯ್ಯೋ, ಕೆಂಡದ ಹಾಗೆ ಕಾಣ್ತದೆ. ತೆಗಿ."

ಒರೆಸಿ ಹಳದಿ ಹಚ್ಚಿದಳು. "ಕಾಮಾಲೆ ಬಂದವರ ಹಾಗಾಯ್ತು."

ಒರೆಸಿ ಹಸಿರು ಹಚ್ಚಿದಳು. "ಪಾಚಿ ಅಂತ ಯಾರಾದ್ರೂ ತಿಂದ್ರೆ? ಅಕ್ಕಾ, ಆ ಮೊದಲಿನ ಕೆಂಪೇ ಚಂದ ಇತ್ತು, ಅಲ್ವಾ?"

ದುಗ್ಗಿಗೆ ತಲೆ ಚಿಟ್ಟು ಹಿಡಿಯಿತು.

"ಅಕ್ಕಾ, ನನ್ನ ಸರದಿ ಬಂತಾ?" ಹಿಂದಿನಿಂದ ಕಪ್ಪೆಚಿಪ್ಪಿನ ಸಣ್ಣ ದನಿ.

"ಬಂತು ಮಗಾ. ನಿನ್ನ ಕಣ್ಣಿಗೆ ಮಸಿ ತೆಗೆದಿಟ್ಟಿದ್ದೇನೆ. ಖಂಡಿತ ಬರೀತೇನೆ."

ಆಚೆ ಅಲೆ ಮೊರೆಯಿತು. "ಬಂದೆ ದುಗ್ಗೀ, ನನ್ನಿಂದ ನಿಲ್ಲಲಿಕ್ಕಾಗುವುದಿಲ್ಲ" ಎಂದಿತು ಸಮುದ್ರ.

"ಚುಕ್ಕಿ ಇಟ್ರೆ ಹೇಗೆ?" ಎಂದಿತು ಬೊಂಡಾಸ.

"ಸಾಕು ನಿನ್ನ ಸಹವಾಸ! ಎಂತ ಬೇಕೋ ನೀನೇ ಬಳ್ಕೋ!" ದುಗ್ಗಿ ಬಣ್ಣದ ಕರಟಗಳನ್ನೆಲ್ಲ ಅದರ ತಲೆಯ ಮೇಲೆ ಸುರಿದಳು. ಹಸಿ ಬಣ್ಣಗಳು ಚರ್ಮದೊಳಗೆ ಇಳಿದು ಅತ್ತಿತ್ತ ಓಡತೊಡಗಿದವು. ಅವಳು ಮಸಿಯ ಕರಟ ಹಿಡಿದು ಕಪ್ಪೆಚಿಪ್ಪಿನ ಕಡೆ ತಿರುಗಿದಳು.

"ಆ ಕಪ್ಪು ನಂಗೆ ತೋರಿಸ್ಲೇ ಇಲ್ವಲ್ಲ!" ಬೊಂಡಾಸ ಉದ್ದ ಕೈ ಚಾಚಿ ಕಿತ್ತುಕೊಂಡು, ಗಟಗಟ ಕುಡಿದೇಬಿಟ್ಟಿತು.

ದುಗ್ಗಿ ಖಾಲಿ ಕರಟವನ್ನು ಉಗುರಿನಿಂದ ಕೆರೆದಳು. ಒಂದು ಚುಕ್ಕೆಗೂ ಸಾಲಲಿಲ್ಲ. ಸಿಟ್ಟಿಗೆ ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಉಬ್ಬರದ ನೀರು ಎಲ್ಲರ ಮೇಲೂ ಹರಿಯಿತು.

"ಬರೀತೇನೆ ಅಂದಿದ್ಯಲ್ಲ ಅಕ್ಕಾ?" ಎಂದಿತು ಕಪ್ಪೆಚಿಪ್ಪು.

ಅದು ಮತ್ತೇನೂ ಕೇಳದೆ ಬಾಯಿ ಮುಚ್ಚಿಕೊಂಡಿತು.

ಅದಕ್ಕೇ ಮಕ್ಕಳೇ, ಬಲೆಯಿಂದ ಆಗಷ್ಟೇ ಇಳಿಸಿದ ಬೊಂಡಾಸದ ಮೈಮೇಲೆ ಇಂದಿಗೂ ಬಣ್ಣಗಳು ಓಡಾಡುತ್ತಿರುತ್ತವೆ, ಹಿಡಿಯಹೋದರೆ ಅದು ಮಸಿ ಕಾರುತ್ತದೆ. ಕಪ್ಪೆಚಿಪ್ಪನ್ನು ನೀವು ಎಷ್ಟೇ ಮೆಲ್ಲಗೆ ಮುಟ್ಟಿದರೂ ಅದು ಪಟ್ಟನೆ ಬಾಯಿ ಮುಚ್ಚಿಕೊಳ್ಳುತ್ತದೆ, ಏಕೆಂದರೆ ಮನುಷ್ಯರ ಮಾತನ್ನು ಅದು ಇನ್ನೂ ನಂಬಿಲ್ಲ.