ಇಬ್ಬರೇ ಕೂರುವ ಕಾರು

"ಅಜ್ಜಾರ, ನನ್ನ ಮುಂದ ಎರಡು ದಾರಿ ಅದಾವ್ರಿ. ಎರಡರಾಗ ಯಾವುದು ಲಗೂ ಮುಟ್ಟಸ್ತೈತಿ?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಮಠಕ್ಕೆ ನಡೆದುಕೊಳ್ಳುತ್ತಿದ್ದ ಶಿಷ್ಯ. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಸಂಸಾರಸ್ಥ. ಈಚೆಗೆ ಅವನಿಗೆ ಎಲ್ಲ ಬಿಟ್ಟು ಹೊರಟುಬಿಡಬೇಕೆಂಬ ಹಂಬಲ ಹತ್ತಿತ್ತು. ಒಂದು ದಾರಿ ಹಿಮಾಲಯದ ಕಡೆಗೆ, ಮೌನದ್ದು. ಇನ್ನೊಂದು ಕಾಶಿಯ ಕಡೆಗೆ, ಓದಿನದು. ಯಾವುದರಲ್ಲಿ ಗುರಿ ಹತ್ತಿರ, ಯಾವುದರಲ್ಲಿ ಜಾರುವ ಭಯ ಕಡಿಮೆ, ಎಲ್ಲವನ್ನೂ ಹೋದವರಿಂದ, ಬಂದವರಿಂದ ವಿಚಾರಿಸಿಕೊಂಡಿದ್ದ. ಇನ್ನು ಗುರುಗಳ ಬಾಯಿಂದ ಒಂದು ಮಾತು ಬಿದ್ದರೆ ಸಾಕು, ಅಂಗಡಿಗೆ ಕೀಲಿ ಹಾಕುವುದೊಂದೇ ಬಾಕಿ.

ಅಜ್ಜಾರು ಎಂದರೆ ಆ ಮಠದ ಸ್ವಾಮಿಗಳು. ಊರೆಲ್ಲ ಅವರನ್ನು ಕರೆಯುವುದು ಹಾಗೆಯೇ. ಅವರು ಎರಡೂ ದಾರಿಗಳ ಗುಣಗಾನವನ್ನು ಸಮಾಧಾನವಾಗಿ ಕೇಳಿದರು. ಇದು ಎನ್ನಲಿಲ್ಲ, ಅದು ಎನ್ನಲಿಲ್ಲ. "ಕುಂಡ್ರು, ಒಂದು ಕತಿ ಹೇಳತೇನಿ" ಎಂದು ಶುರುಮಾಡಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ಹೊರಗೆ ತೆಗೆದರೆ ಮುಗಿಯಿತು, ಇಡೀ ಚೀಲದ ಜಾತಕ ಹೇಳುತ್ತಿದ್ದ. ಮುರಿದು ಮೂಸುತ್ತಿದ್ದ, ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಿದ್ದ. ಎರಡು ರಾಶಿ ಪಕ್ಕಪಕ್ಕ ಹಾಕಿಬಿಟ್ಟರೆ ಅವನಿಗೆ ಹಸಿವೆಯ ನೆನಪೂ ಇರುತ್ತಿರಲಿಲ್ಲ. ಹೋಲಿಸಿ ನೋಡದೆ ಅವನು ಒಂದು ಬದನೆಕಾಯಿಯನ್ನೂ ಕೊಂಡವನಲ್ಲ.

ವ್ಯಾಪಾರ ಶುರುಮಾಡಿದಾಗ ಅವನಲ್ಲಿ ಇದ್ದದ್ದು ಒಂದು ಸೈಕಲ್ಲು. ಕ್ಯಾರಿಯರ್ ಮೇಲೆ ಚೀಲ ಕೂರುತ್ತಿತ್ತು, ಹೆಂಡತಿ ಹಿಂದೆ ನಡೆದು ಬರುತ್ತಿದ್ದಳು. ಹೊಸದಾಗಿ ಮದುವೆಯಾದವಳು, ಗಂಡನ ಹಿಂದೆ ಕೂತು ಹೋಗುವ ಆಸೆ ಅವಳಿಗೆ ಇರಲಿಲ್ಲವೇ? ಅವನಿಗೂ ಅದು ಗೊತ್ತಿತ್ತು. "ತಡಿ, ಒಂದಿನ ಗಾಳಿ ಬೀಸಿದಂಗ ಕರ್ಕೊಂಡು ಹೋಗತೇನಿ. ನೀನು, ನಾನು, ಇಬ್ಬರೇ" ಎಂದಿದ್ದ. ಆಮೇಲೆ ಟೆಂಪೋ ಬಂತು, ಲಾರಿ ಬಂತು, ಮನೆಯವರೆಲ್ಲ ಕೂರುವ ದೊಡ್ಡ ಕಾರೂ ಬಂತು. ಯಾವ ಗಾಡಿ ಬಂದರೂ ಅದರಲ್ಲಿ ಒಂದು ಚೀಲವೋ ಒಬ್ಬ ಗುಮಾಸ್ತನೋ ಜೊತೆಗೆ ಇದ್ದೇ ಇರುತ್ತಿದ್ದ. ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದದ್ದಿಲ್ಲ.

ವ್ಯಾಪಾರವನ್ನು ಅಳಿಯನ ಕೈಗೆ ಕೊಟ್ಟು ಕೂತ ವರ್ಷ ಅವನಿಗೆ ಆ ಹಳೆಯ ಮಾತು ನೆನಪಾಯಿತು. ಇಬ್ಬರೇ ಕೂರುವ ಕಾರು ತರುತ್ತೇನೆ ಎಂದ. ಸಾದಾ ಕಾರಲ್ಲ, ಓಟದ ಕಾರು. ಮೂರನೆಯವರು ಬರುತ್ತೇನೆಂದರೂ ಜಾಗ ಇರಬಾರದು. ಅದರಲ್ಲಿ ಕೂತು ಗುಡ್ಡದ ತಿರುವು ರಸ್ತೆಯಲ್ಲಿ ಒಮ್ಮೆ ಹೋಗಿ ಬರಬೇಕು. ಇದನ್ನು ಕೇಳಿ ಹೆಂಡತಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಈ ವಯಸ್ಸಿನಲ್ಲಿ ನೋಡಿದವರು ಏನಂದಾರು ಎಂದಳೇ ಹೊರತು ಬೇಡ ಎನ್ನಲಿಲ್ಲ.

ಪಟ್ಟಣದಲ್ಲಿ ಅಂಥ ಕಾರು ಎರಡು ಇದ್ದವು. ಒಂದು ಕೆಂಪು, ಒಂದು ಬೂದಿ ಬಣ್ಣದ್ದು. ವ್ಯಾಪಾರಿಯ ಮುಂದೆ ಎರಡು ರಾಶಿ ಬಿದ್ದಂತಾಯಿತು. ಇನ್ನು ಕೇಳಬೇಕೆ!

ಕೆಂಪು ಕಾರು ಕಾಲಿಟ್ಟ ಕೂಡಲೇ ಚಿಮ್ಮುತ್ತಿತ್ತು. ಬೂದಿ ಕಾರು ಚಿಮ್ಮುವುದಕ್ಕೆ ತುಸು ತಡ, ಆದರೆ ತಿರುವಿನಲ್ಲಿ ನೆಲ ಬಿಡುತ್ತಿರಲಿಲ್ಲ. ಕೆಂಪಿನ ಬ್ರೇಕು ಚುರುಕು, ಬೂದಿಯ ಗೇರು ಬೆಣ್ಣೆ. ಕೆಂಪಿನ ಸದ್ದಿಗೆ ಓಣಿಯೆಲ್ಲ ಹೊರಗೆ ಬರುವಂತಿತ್ತು, ಬೂದಿಯದು ಅಷ್ಟಿಲ್ಲ. ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳಿದಾಗ ಎರಡೂ ಶೋರೂಮಿನವರು ಒಂದೇ ಥರ ನಕ್ಕರು. ಅದೊಂದರಲ್ಲಿ ಎರಡೂ ಸಮ ಎಂದು ಅವನು ತಿಳಿದುಕೊಂಡ.

ಓಡಿಸಿ ನೋಡಿದ. ಮತ್ತೆ ಓಡಿಸಿ ನೋಡಿದ. ಬೆಳಗ್ಗೆ ತಣ್ಣಗಿದ್ದಾಗ ಹೇಗೆ, ಮಧ್ಯಾಹ್ನ ಕಾದಾಗ ಹೇಗೆ ಎಂದು ಪರೀಕ್ಷೆ ಮಾಡಿದ. ರಸ್ತೆಯ ಉಬ್ಬಿಗೆ ಕಾರಿನ ಹೊಟ್ಟೆ ತಾಗೀತೇ ಎಂದು ನೆಲಕ್ಕೆ ಕೂತು ಗೇಣು ಹಾಕಿ ಅಳೆದ. ಬೂದಿ ಕಾರು ಎರಡು ಬೆರಳು ಹೆಚ್ಚು ತಗ್ಗು. ತಗ್ಗಿದ್ದಷ್ಟೂ ಗಾಡಿ ನೆಲ ಹಿಡಿಯುತ್ತದೆ ಎಂದು ಯಾರೋ ಹೇಳಿದರು. ಅದೂ ಲೆಕ್ಕಕ್ಕೆ ಸೇರಿತು. ಕಾರಿನಿಂದ ಏಳುವಾಗ ಪ್ರತಿ ಸಲವೂ ಅವನ ಸೊಂಟ ಕಟಕ್ ಎನ್ನುತ್ತಿತ್ತು. ಅದು ಮಾತ್ರ ಲೆಕ್ಕಕ್ಕೆ ಸೇರಲಿಲ್ಲ. ಗಂಡಸಿನ ಬಿಂಕ, ಏನು ಮಾಡುವುದು! ಎದ್ದು ಅಂಗಿ ಕೊಡವಿಕೊಂಡು ಇನ್ನೊಂದು ಕಾರಿನ ಶೋರೂಮಿನ ಕಡೆಗೆ ನಡೆಯುತ್ತಿದ್ದ.

ಸಂಜೆಗೆ ಕೆಂಪು ಎಂದು ತೀರ್ಮಾನಿಸಿದರೆ ಬೆಳಗಾಗುವಷ್ಟರಲ್ಲಿ ಬೂದಿ ಆಗಿರುತ್ತಿತ್ತು. ಮನೆಯಲ್ಲಿ ಉಣ್ಣುವಾಗಲೂ ಅದೇ ಮಾತು. ಮೊಬೈಲಿನಲ್ಲಿ ಎರಡೂ ಕಾರುಗಳ ಚಿತ್ರ ತೆಗೆದು ಹೆಂಡತಿಯ ಮುಂದೆ ಹಿಡಿಯುತ್ತಿದ್ದ. ಅವಳಿಗೆ ಗೇರೂ ತಿಳಿಯದು, ಬ್ರೇಕೂ ತಿಳಿಯದು. ಆದರೂ ತನಗಾಗಿ ಗಂಡ ಇಷ್ಟು ಓಡಾಡುತ್ತಿದ್ದಾನಲ್ಲ ಎಂದು ಹಿಗ್ಗು. ಒಂದು ದಿನ ಬಾಯಿಬಿಟ್ಟು ಕೇಳಿದಳು.

"ನಾನೂ ಒಮ್ಮೆ ಬಂದು ಕುಂತು ನೋಡ್ಲೇನ್ರಿ?"

"ಯಾವುದಂತ ಇನ್ನೂ ಗಟ್ಟಿ ಆಗಿಲ್ಲಲ್ಲ. ಆದಮ್ಯಾಲೆ ದಿನಾ ಕುಂಡ್ರೂದು ಐತಿ."

ಅವಳು ಹೌದಲ್ಲ ಎಂದುಕೊಂಡಳು. ಅವನು ಬೇಕೆಂದು ತಳ್ಳಿಹಾಕಿರಲಿಲ್ಲ. ಅವನ ಮನಸ್ಸು ಆಗ ಗೇರಿನ ಹತ್ತಿರ ಇತ್ತು. ಹೆಂಡತಿಯ ಮುಖ ನೋಡುತ್ತಿದ್ದರೂ ಅವನಿಗೆ ಕಾಣುತ್ತಿದ್ದದ್ದು ತಿರುವಿನಲ್ಲಿ ಹೋಗುತ್ತಿರುವ ಕಾರು.

ಯುಗಾದಿಗೆ ಶುರುವಾದ ಹೋಲಿಕೆ ಆಯುಧಪೂಜೆಯ ಹೊತ್ತಿಗೆ ಮುಗಿಯಿತು. ಬೂದಿ ಕಾರು ಗೆದ್ದಿತು. ಮನೆಯ ಮುಂದೆ ತಂದು ನಿಲ್ಲಿಸಿದ. ಓಣಿಯ ಜನ ಸೇರಿದರು. ಚೆಂಡುಹೂವಿನ ಹಾರ ಹಾಕಿದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಹೆಂಡತಿ ಇಳಕಲ್ ಸೀರೆ ಉಟ್ಟು ಬಂದು ಆರತಿ ಬೆಳಗಿದಳು. ವ್ಯಾಪಾರಿ ಎಡಗಡೆಗೆ ಹೋಗಿ ತಾನೇ ಬಾಗಿಲು ತೆರೆದು ನಿಂತ. ಅವನ ಜನ್ಮದಲ್ಲಿ ಅವನು ಯಾರಿಗೂ ಹಾಗೆ ಬಾಗಿಲು ತೆರೆದವನಲ್ಲ.

"ಹತ್ತು" ಎಂದ.

ಗಾಡಿ ಯಾವುದೇ ಇರಲಿ, ನಮ್ಮ ಜನ ಅದನ್ನು ಹತ್ತುತ್ತಾರೆ. ಚಕ್ಕಡಿ ಹತ್ತುತ್ತಾರೆ, ಬಸ್ಸು ಹತ್ತುತ್ತಾರೆ, ಕಾರೂ ಹತ್ತುತ್ತಾರೆ. ಅವಳೂ ಹತ್ತುವುದಕ್ಕೆಂದೇ ನಿರಿಗೆ ಹಿಡಿದು ಕಾಲೆತ್ತಿದಳು. ಎತ್ತಿದ ಕಾಲನ್ನು ಇಡಲು ಮೇಲೆ ಏನೂ ಇರಲಿಲ್ಲ. ಸೀಟು ಅವಳ ಮೊಣಕಾಲಿಗಿಂತ ಕೆಳಗಿತ್ತು. ಬಗ್ಗಿದಳು. ಒಂದು ಕೈ ಬಾಗಿಲಿಗೆ, ಒಂದು ಕೈ ಗಂಡನ ಹೆಗಲಿಗೆ ಕೊಟ್ಟು ಮತ್ತೆ ಬಗ್ಗಿದಳು. ಮೊಣಕಾಲು ಅರ್ಧಕ್ಕೇ ನಿಂತಿತು. ಸೈಕಲ್ಲಿನ ಹಿಂದೆ ಅಷ್ಟು ವರ್ಷ ನಡೆದ ಕಾಲು ಅದು, ಸವೆದಿತ್ತು. ನೋವಿಗೆ ತುಟಿ ಕಚ್ಚಿ ಅವಳು ನೆಟ್ಟಗೆ ನಿಂತಳು. ನಗಲು ನೋಡಿದಳು.

"ಇದು ಹತ್ತೂದಲ್ರಿ, ಇದರಾಗ ಇಳೀಬೇಕು. ನನ್ನ ಕಾಲಿಗೆ ಹತ್ತೂದು ಇನ್ನೂ ಬರತೈತಿ. ಇಳಿಯೂದು ಬರೂದಿಲ್ಲ."

ಹೆಂಡತಿಯ ಮೊಣಕಾಲು ನೋಯುವುದು ವ್ಯಾಪಾರಿಗೆ ಗೊತ್ತಿರದ ಸಂಗತಿಯಲ್ಲ. ಅವಳು ಹಚ್ಚಿಕೊಳ್ಳುವ ನೋವಿನೆಣ್ಣೆಯ ವಾಸನೆ ಮನೆಯಲ್ಲಿ ದಿನವೂ ಇರುತ್ತಿತ್ತು. ಒಂದು ಹಿಡಿ ಕಾಯಿ ನೋಡಿ ಚೀಲದ ತಳ ಹೇಳುವವನು, ಎರಡು ಬೆರಳಿನ ವ್ಯತ್ಯಾಸವನ್ನು ಅಳೆದು ಹಿಡಿದವನು, ಎಡಗಡೆಯ ಸೀಟಿನಲ್ಲಿ ಒಮ್ಮೆಯಾದರೂ ತಾನೇ ಕೂತು ನೋಡಿರಲಿಲ್ಲ. ಅವನಿಗೆ ಅಳು ಒತ್ತರಿಸಿ ಬಂತು. ಜನರ ಮುಂದೆ ಅಳಲಾರದೆ ಕಾರಿನ ಹಾರವನ್ನು ಸರಿಮಾಡುತ್ತ ನಿಂತ.

ಪೂಜೆಯಾದ ಗಾಡಿ ನಿಂಬೆಹಣ್ಣಿನ ಮೇಲೆ ಹಾಯದೆ ನಿಂತಲ್ಲೇ ನಿಲ್ಲುವಂತಿಲ್ಲ. ಅದನ್ನೂ ಹೆಂಡತಿಯೇ ನೆನಪಿಸಿದಳು. "ನೀವು ಒಂದು ಸುತ್ತು ಹೋಗಿ ಬರ್ರಿ. ನಾ ಇಲ್ಲೇ ಕಟ್ಟಿಮ್ಯಾಲೆ ಕುಂತು ನೋಡತೇನಿ" ಎಂದಳು. ಒಡೆಯದೆ ಉಳಿದಿದ್ದ ಒಂದು ತೆಂಗಿನಕಾಯಿಯನ್ನು ಎಡಗಡೆಯ ಸೀಟಿನಲ್ಲಿ ಇಟ್ಟು ಬಾಗಿಲು ಹಾಕಿದಳು.

ವ್ಯಾಪಾರಿ ಹೋದ. ಕಾರು ಗಾಳಿ ಬೀಸಿದಂತೆಯೇ ಹೋಯಿತು. ಕೊಟ್ಟ ಮಾತಿನಲ್ಲಿ ಅಷ್ಟು ಮಾತ್ರ ನಡೆಯಿತು. ತಿರುವಿನಲ್ಲಿ ಅದು ನೆಲ ಬಿಡಲಿಲ್ಲ, ಅವನು ಅಂದಾಜು ಮಾಡಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಪಕ್ಕದ ಸೀಟಿನಲ್ಲಿ ತೆಂಗಿನಕಾಯಿ ಆಚೆ ಈಚೆ ಉರುಳುತ್ತಿತ್ತು.

ಅಜ್ಜಾರು ಇಲ್ಲಿಗೆ ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಆ ವ್ಯಾಪಾರಿಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. "ಎಂಥಾ ಮನಷ್ಯಾರೀ ಆಂವ! ಇಷ್ಟೆಲ್ಲ ನೋಡಿದಾಂವ ಹೇಣ್ತೀನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?" ಎಂದ.

ಅಜ್ಜಾರು ಅವನ ಕಡೆಗೆ ತಿರುಗಿ ಕೇಳಿದರು:

"ನೀ ಹೊಂಟೇನಿ ಅಂತ ಹೇಳಿದಾಗ, ನಿನ್ನ ಹೇಣ್ತಿ ಏನಂದ್ಲು?"